ಫೋನ್ ಎತ್ತದವರಿಗೆ ಒಂದು ತಾರೀಖು ಕೊಡಿ

ಅಡ್ವಾನ್ಸ್ ಕೊಡುವ ತನಕ ದಿನಕ್ಕೆರಡು ಸಲ ಅವರೇ ಫೋನ್ ಮಾಡುತ್ತಿದ್ದರು. 'ಅಕ್ಕಾ, ನೀವೇನೂ ಯೋಚನೆ ಮಾಡ್ಬೇಡಿ, ನಮ್ಮನೆ ಕೆಲಸ ಅಂದ್ಕೊಂಡು ಮಾಡಿಕೊಡ್ತೀನಿ' ಅಂದಿದ್ದರು. ಈಗ ನೀವು ಫೋನ್ ಮಾಡಿದರೆ ಪೂರ್ತಿ ರಿಂಗ್ ಆಗಿ ನಿಂತುಹೋಗುತ್ತದೆ. ಮೆಸೇಜ್ ಹಾಕಿದರೆ ಓದಿದ ಗುರುತು ಬೀಳುತ್ತದೆ, ಉತ್ತರ ಮಾತ್ರ ಇಲ್ಲ. ಪಕ್ಕದಲ್ಲಿ ಕೂತ ಯಜಮಾನರು ಪೇಪರಿನಿಂದ ಮುಖ ಎತ್ತದೆ 'ನಾನು ಆವತ್ತೇ ಹೇಳಿರಲಿಲ್ವಾ?' ಅನ್ನುತ್ತಾರೆ. ಸಿಕ್ಕಿಬಿದ್ದ ದುಡ್ಡಿಗಿಂತ ಆ ಮಾತೇ ಹೆಚ್ಚು ಚುಚ್ಚುತ್ತದೆ, ಅಲ್ವಾ? ಏಕೆಂದರೆ ಅನೇಕ ಸಲ ಅದು ನೀವೇ ಉಳಿಸಿದ ದುಡ್ಡು, ನೀವೇ ಆರಿಸಿದ ಕೆಲಸಗಾರ.

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಇಂಥವರ ಮೇಲೆ ಸಂಸಾರ ಎಷ್ಟು ನಿಂತಿದೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ಮದುವೆಗೆ ಫೋಟೊ, ವಿಡಿಯೊ ತೆಗೆಯುವವರು. ಸೀರೆಗೆ ಕುಚ್ಚು ಕಟ್ಟುವವರು, ಬ್ಲೌಸಿಗೆ ಆರಿ ವರ್ಕ್ ಹಾಕುವವರು. ಅಡುಗೆಮನೆಗೆ ಕಪಾಟು ಮಾಡಿಕೊಡುವ ಬಡಗಿ. ಮನೆಯಲ್ಲೇ ಕೊಬ್ಬರಿ ಚಟ್ನಿಪುಡಿ, ಕೊಬ್ಬರಿ ಮಿಠಾಯಿ, ಗಾಣದ ಎಣ್ಣೆ ಮಾಡಿ ಮಾರುವ ಹೆಂಗಸರಿಗೆ ಲೇಬಲ್ ಡಿಸೈನ್ ಮಾಡಿಕೊಡುವ ಹುಡುಗರು. ಕೊನೆಗೆ ಹಿತ್ತಲಿನ ನಾಲ್ಕು ತೆಂಗಿನ ಮರ ಹತ್ತುವವರು. ಇವರಲ್ಲಿ ಹೆಚ್ಚಿನವರಿಗೆ ಅಂಗಡಿ ಇಲ್ಲ, ಬೋರ್ಡ್ ಇಲ್ಲ, ತಿಂಗಳ ಸಂಬಳವಂತೂ ಇಲ್ಲವೇ ಇಲ್ಲ. ಕೆಲಸಕ್ಕೆ ಇಷ್ಟು ಎಂದು ಮಾತಾಡಿ ದುಡಿಯುವವರು. ಇದಕ್ಕೆ ಫ್ರೀಲಾನ್ಸ್ ಅಂತ ಹೆಸರಿಟ್ಟಿದ್ದು ಈಚೆಗೆ, ಕೆಲಸದ ರೀತಿ ಹಳೆಯದೇ. ಅಂಗಡಿಯಾದರೆ ಹೋಗಿ ಎದುರಿಗೆ ನಿಲ್ಲಬಹುದು. ಇವರ ವಿಳಾಸ ಅಂದರೆ ಒಂದು ಮೊಬೈಲ್ ನಂಬರ್. ಅದು ಸುಮ್ಮನಾಯಿತು ಅಂದರೆ ನಾವು ಗೋಡೆ ನೋಡಬೇಕು.

ಅವರು ಯಾಕೆ ಸುಮ್ಮನಾಗ್ತಾರೆ?

ನಾನೂ ಇದೇ ಗುಂಪಿನವಳು. ಮನೆಗೆಲಸ ಮುಗಿಸಿ ಪತ್ರಿಕೆಗಳಿಗೆ ಬಿಡಿಬಿಡಿಯಾಗಿ ಬರೆದುಕೊಡುವವಳು. ಹಾಗಾಗಿ ಆ ಕಡೆಯ ಸಂಗತಿಯೂ ಸ್ವಲ್ಪ ಗೊತ್ತು. ಫೋನ್ ಎತ್ತದವರೆಲ್ಲ ಮೋಸಗಾರರಲ್ಲ. ಹೆಚ್ಚಿನವರು ಸಿಕ್ಕಿಹಾಕಿಕೊಂಡವರು. ಬಿಡಿ ಕೆಲಸ ಮಾಡುವವರಿಗೆ ಬಂದ ಕೆಲಸ ಬಿಡೋಕೆ ಭಯ, ಮುಂದಿನ ತಿಂಗಳು ಬರುತ್ತೋ ಇಲ್ಲವೋ ಅಂತ. ವೈಶಾಖ, ಜ್ಯೇಷ್ಠದಲ್ಲಿ ಮದುವೆ ಮೇಲೆ ಮದುವೆ ಒಪ್ಪಿಕೊಂಡ ಫೋಟೊದವರಿಗೆ ಆಲ್ಬಂ ಮಾಡಲು ಕೂರುವುದಕ್ಕೆ ಪುರುಸೊತ್ತೇ ಸಿಗುವುದಿಲ್ಲ. ಹೇಳಿದ ದಿನ ದಾಟಿತು. ಮೊದಲ ಫೋನ್ ಎತ್ತಲು ನಾಚಿಕೆ, ಎರಡನೆಯದಕ್ಕೆ ಅಳುಕು, ಹತ್ತನೆಯದರ ಹೊತ್ತಿಗೆ ನಿಮ್ಮ ಹೆಸರು ಪರದೆ ಮೇಲೆ ಬಂದರೇ ಎದೆ ಧಸಕ್ ಅನ್ನುತ್ತದೆ. ಅಂದರೆ ನೀವು ಹೆಚ್ಚು ಹೆಚ್ಚು ಕರೆ ಮಾಡಿದಷ್ಟೂ ಅವರು ಇನ್ನಷ್ಟು ದೂರ ಓಡುತ್ತಾರೆ. ದಿನಕ್ಕೆ ಇಪ್ಪತ್ತು ಮಿಸ್ಡ್ ಕಾಲ್ ಕೊಟ್ಟು ಕೆಲಸ ಮಾಡಿಸಿಕೊಂಡವರನ್ನು ನಾನಂತೂ ನೋಡಿಲ್ಲ.

ಇನ್ನೊಂದು ಕಾರಣವಿದೆ, ಅದು ನಮಗೆ ಹೊಳೆಯುವುದೇ ಇಲ್ಲ. ಕೆಲವು ಸಲ ಅವರು ನಮಗಾಗಿ ಕಾಯುತ್ತಿರುತ್ತಾರೆ!

ನಮ್ಮ ಬೀದಿಯ ಒಬ್ಬ ಅಕ್ಕನ ಮಗಳ ಮದುವೆ ಆಗಿ ಹತ್ತು ತಿಂಗಳಾದರೂ ಆಲ್ಬಂ ಬಂದಿರಲಿಲ್ಲ. ಅಷ್ಟರಲ್ಲಿ ಅವರ ಅತ್ತೆ ತೀರಿಕೊಂಡರು. ಆ ಮುದುಕಿ ಕೊನೆಯ ಸಲ ರೇಷ್ಮೆ ಸೀರೆ ಉಟ್ಟು, ಮೊಮ್ಮಗಳಿಗೆ ಅಕ್ಷತೆ ಹಾಕಿ ನಕ್ಕಿದ್ದು ಆ ಮದುವೆಯಲ್ಲೇ. ಹನ್ನೊಂದನೇ ದಿನದ ಕಾರ್ಯಕ್ಕೆ ದೊಡ್ಡದೊಂದು ಫೋಟೊ ಇಡೋಣ ಅಂದರೆ ಕೈಲಿ ಒಂದೂ ಇಲ್ಲ. ಫೋಟೊದವರು ಫೋನ್ ಎತ್ತುತ್ತಿಲ್ಲ. ಮನೆಯವರೆಲ್ಲ ಸಿಟ್ಟಿನಿಂದ ಕುದಿಯುತ್ತಿದ್ದರು. ಕೊನೆಗೆ ಆ ಅಕ್ಕ ಬೈಗುಳವಿಲ್ಲದ ಒಂದು ಮೆಸೇಜ್ ಬರೆದರು, 'ಶುಕ್ರವಾರ ಸಂಜೆಯೊಳಗೆ ಅಮ್ಮನ ಫೋಟೊ ಒಂದಾದರೂ ಬೇಕು' ಎಂದು. ಅದೇ ರಾತ್ರಿ ಫೋಟೊ ಬಂತು. ಜೊತೆಗೆ ಒಂದು ಸಾಲು: 'ಅಕ್ಕ, ಸಾವಿರದ ಚಿಲ್ಲರೆ ಫೋಟೊ ಪೆನ್‌ಡ್ರೈವ್‌ಗೆ ಹಾಕಿ ನಿಮ್ಮ ಅಳಿಯಂದಿರ ಕೈಗೆ ಕೊಟ್ಟಿದ್ದೆ. ಆಲ್ಬಂಗೆ ಇನ್ನೂರು ಆರಿಸಿ ಕೊಡಿ ಅಂದಿದ್ದೆ. ಇನ್ನೂ ಬಂದಿಲ್ಲ.' ಪೆನ್‌ಡ್ರೈವ್ ಬೆಂಗಳೂರಿನ ಮನೆಯ ಟೀವಿ ಕೆಳಗಿನ ಡ್ರಾಯರಿನಲ್ಲಿ ಹಾಗೇ ಬಿದ್ದಿತ್ತು.

ಫೋಟೊದವರದೂ ತಪ್ಪೇ ಅನ್ನಿ. ಒಂದು ಮಾತು ಫೋನ್ ಮಾಡಿ ಹೇಳಬಹುದಿತ್ತು. ಆದರೆ ಸಿಟ್ಟಾಗುವ ಮುಂಚೆ ನಿಮ್ಮನ್ನೇ ಕೇಳಿಕೊಳ್ಳಿ: ಅವರು ಕೇಳಿದ್ದು ಏನಾದರೂ ನಮ್ಮ ಕಡೆಯಿಂದ ಹೋಗಬೇಕಾ? ಅಳತೆ ಬ್ಲೌಸ್, ಲೇಬಲ್ಲಿಗೆ ಹಾಕಬೇಕಾದ ಎಫ್‌ಎಸ್‌ಎಸ್‌ಎಐ ನಂಬರ್, ಕಪಾಟಿಗೆ ಯಾವ ಬಣ್ಣ ಅನ್ನೋದು, ಎರಡನೇ ಕಂತಿನ ದುಡ್ಡು?

ಮೆಸೇಜ್ ಹೇಗಿರಬೇಕು?

ನಿಮ್ಮ ಕಡೆ ಎಲ್ಲ ಸರಿ ಇದೆ, ಆದರೂ ಉತ್ತರ ಇಲ್ಲ ಅನ್ನಿ. ಆಗ ಕರೆ ನಿಲ್ಲಿಸಿ. ಬರವಣಿಗೆಯಲ್ಲಿ ಒಂದೇ ಮೆಸೇಜ್ ಹಾಕಿ. ಅದರಲ್ಲಿ ಏನು ಒಪ್ಪಂದ, ಎಷ್ಟು ಕೊಟ್ಟಿದ್ದೀರಿ, ಈಗ ಏನು ಬೇಕು, ಯಾವ ತಾರೀಖಿನೊಳಗೆ ಬೇಕು ಇಷ್ಟಿದ್ದರೆ ಸಾಕು. ಉದಾಹರಣೆಗೆ:

'ನಮಸ್ಕಾರ ಅಣ್ಣ. ಮೇ 11ರ ಮದುವೆಯ ಆಲ್ಬಂ, ವಿಡಿಯೊಗೆ ಒಟ್ಟು 60,000 ರೂಪಾಯಿ ಮಾತಾಗಿತ್ತು. 40,000 ಕೊಟ್ಟಿದ್ದೇವೆ. ಫೋಟೊ ಆರಿಸಿ ಜೂನ್ 2ಕ್ಕೆ ಕಳಿಸಿದ್ದೇವೆ. ಕೆಲಸ ಎಲ್ಲಿಗೆ ಬಂದಿದೆ, ಯಾವತ್ತು ಕೊಡ್ತೀರಿ ಎಂದು ಈ ಭಾನುವಾರದೊಳಗೆ ತಿಳಿಸಿ. ಕಷ್ಟ ಇದ್ದರೆ ಹೇಳಿ, ದಿನ ಹೆಚ್ಚು ತಗೊಳ್ಳಿ. ಮಾಡಲು ಆಗುವುದಿಲ್ಲ ಅಂದರೆ ಫೋಟೊ, ವಿಡಿಯೊ ಪೂರ್ತಿ ಕಾಪಿ ಮಾಡಿ ಕೊಡಿ, ಆದ ಕೆಲಸದ ದುಡ್ಡು ಇಟ್ಟುಕೊಂಡು ಉಳಿದದ್ದು ವಾಪಸ್ ಮಾಡಿ.'

ಇದರಲ್ಲಿ ಬೈಗುಳ ಇಲ್ಲ, 'ನಿಮಗೆ ಮನುಷ್ಯತ್ವ ಇದೆಯಾ' ಇಲ್ಲ. ಆದರೆ ತಾರೀಖು ಇದೆ, ಜೊತೆಗೆ ಅವರು ತಲೆ ಎತ್ತಿಕೊಂಡು ಹೊರಗೆ ಬರಲು ಒಂದು ಬಾಗಿಲೂ ಇದೆ. 'ಬೇಗ ಮಾಡಿಕೊಡಿ' ಅನ್ನುವ ಮಾತಿಗೆ ಅರ್ಥವೇ ಇಲ್ಲ. ನಮಗೆ ಬೇಗ ಅಂದರೆ ನಾಳೆ, ಅವರಿಗೆ ಬೇಗ ಅಂದರೆ ಆಷಾಢ. ನನಗೆ ಸಂಭಾವನೆ ಬರಬೇಕಿದ್ದ ಒಂದು ಕಡೆಯವರು ಮೂರು ಪತ್ರಕ್ಕೆ ಉತ್ತರ ಕೊಟ್ಟಿರಲಿಲ್ಲ. ತಾರೀಖು ಹಾಕಿ, ಲೆಕ್ಕ ಬರೆದು ಕಳಿಸಿದ ನಾಲ್ಕನೆಯದಕ್ಕೆ ವಾರದೊಳಗೆ ಉತ್ತರ ಬಂತು. ದುಡ್ಡು ಕೊಡಬೇಕಾದವರಿಗೂ ಕೆಲಸ ಕೊಡಬೇಕಾದವರಿಗೂ ಈ ಮದ್ದು ಒಂದೇ.

ಅಂದಹಾಗೆ ಆಷಾಢದ ಮಾತು ತಮಾಷೆಗೆ ಹೇಳಿದ್ದಲ್ಲ. ಆಷಾಢದಲ್ಲಿ ಮದುವೆ ಇಲ್ಲ, ಫೋಟೊದವರು ಸ್ವಲ್ಪ ಬಿಡುವಾಗಿರುತ್ತಾರೆ. ವೈಶಾಖದ ಮದುವೆಯ ಆಲ್ಬಂ ಬೇಕಾದರೆ ಆಷಾಢದೊಳಗೇ ಗಟ್ಟಿ ಮಾಡಿಕೊಳ್ಳಿ. ಶ್ರಾವಣ ಬಂತು ಅಂದರೆ ಮತ್ತೆ ಮದುವೆ, ಗೃಹಪ್ರವೇಶ ಶುರು, ನಿಮ್ಮ ಸರದಿ ಹಿಂದಕ್ಕೆ ಹೋಯಿತು. ಹಾಗೇ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ ಬ್ಲೌಸ್ ಕೊಟ್ಟು ಟೈಲರ್ ಫೋನ್ ಎತ್ತಲ್ಲ ಅಂತ ದೂರಬೇಡಿ.

ಇನ್ನು ನಮ್ಮೂರುಗಳ ದೊಡ್ಡ ತೊಡಕು ದಾಕ್ಷಿಣ್ಯ. ಆ ಹುಡುಗ ಭಾವನ ಸ್ನೇಹಿತನ ಮಗನೋ, ಓರಗಿತ್ತಿಯ ತಮ್ಮನೋ ಆಗಿರುತ್ತಾನೆ. 'ಹೇಗಮ್ಮಾ ಕೇಳೋದು, ನಾಳೆ ಮುಖ ನೋಡಬೇಕಲ್ಲ' ಅಂತ ಬಾಯಿ ಮುಚ್ಚಿಕೊಳ್ಳುತ್ತೀರಿ. ಆಮೇಲೆ ಆರು ತಿಂಗಳು ಕಳೆದು, ಮನೆ ಮಂದಿಯ ಎದುರು, ಯಾರದೋ ನಾಮಕರಣದಲ್ಲಿ ಸಿಟ್ಟು ಹೊರಗೆ ಬರುತ್ತದೆ. ಅದಕ್ಕಿಂತ ಮೊದಲೇ ನೇರವಾಗಿ ಕೇಳುವುದರಲ್ಲಿ ಮರ್ಯಾದೆ ಹೆಚ್ಚು. ಪರಿಚಯ ಮಾಡಿಸಿದವರನ್ನು ಮಧ್ಯಕ್ಕೆ ತರುವುದಾದರೆ ಜಗಳಕ್ಕಲ್ಲ, ಸುದ್ದಿ ಮುಟ್ಟಿಸಲು ಮಾತ್ರ: 'ಭಾನುವಾರದೊಳಗೆ ಉತ್ತರ ಕೊಡೋಕೆ ಹೇಳಿದ್ದೀನಿ ಭಾವ, ನೀವೂ ಒಂದು ಮಾತು ಹೇಳಿ' ಅಂದರೆ ಸಾಕು. ಸ್ಟೇಟಸ್‌ನಲ್ಲಿ ಅವರ ಫೋಟೊ ಹಾಕಿ 'ಮೋಸಗಾರ' ಎಂದು ಬರೆಯುವ ಕೆಲಸ ಮಾತ್ರ ಬೇಡ. ಕೆಲಸವೂ ಆಗುವುದಿಲ್ಲ, ಮಾನಹಾನಿ ಅಂತ ಅವರೇ ನಿಮ್ಮ ಮೇಲೆ ತಿರುಗಿಬೀಳಬಹುದು. 'ಪೊಲೀಸಿಗೆ ಕೊಡ್ತೀನಿ' ಎಂಬ ಬೆದರಿಕೆಯೂ ಬೇಡ. ಮೊದಲಿನಿಂದಲೂ ಮೋಸದ ಉದ್ದೇಶವೇ ಇತ್ತು, ಹತ್ತು ಜನರಿಂದ ಅಡ್ವಾನ್ಸ್ ಪಡೆದು ಊರು ಬಿಟ್ಟಿದ್ದಾರೆ ಎಂದರೆ ಆ ಮಾತು ಬೇರೆ. ಕೆಲಸ ತಡವಾದದ್ದು ಠಾಣೆಯ ವಿಷಯವಲ್ಲ.

ತಾರೀಖೂ ದಾಟಿದರೆ?

ಆಗ ಕಾನೂನು ನಿಮ್ಮ ಕಡೆಗಿದೆ. ನಾವು ಅಂದುಕೊಂಡಷ್ಟು ದುಬಾರಿಯೂ ಅಲ್ಲ. ಮೊದಲು ಅದೇ ಮೆಸೇಜನ್ನು ಕಾಗದದಲ್ಲಿ ಬರೆದು, ಹದಿನೈದು ದಿನ ಗಡುವು ಕೊಟ್ಟು, ಅಂಚೆಯಲ್ಲಿ ಕಳಿಸಿ. ನಾವೆಲ್ಲ ರಿಜಿಸ್ಟರ್ ಪೋಸ್ಟ್ ಅನ್ನುತ್ತಿದ್ದುದನ್ನು 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದ್ದಾರೆ. ಹಾಗಾಗಿ ಸ್ಪೀಡ್ ಪೋಸ್ಟ್ ಎಂದೇ ಕೇಳಿ, ತಲುಪಿದ್ದಕ್ಕೆ ದಾಖಲೆ ಬೇಕು ಎಂದು ಹೇಳಿ, ರಸೀದಿ ಇಟ್ಟುಕೊಳ್ಳಿ. ಬಹಳಷ್ಟು ಪ್ರಕರಣ ಈ ಕಾಗದಕ್ಕೇ ಮುಗಿದುಹೋಗುತ್ತವೆ.

ಮುಗಿಯದಿದ್ದರೆ ಗ್ರಾಹಕರ ಆಯೋಗ. 2019ರ ಗ್ರಾಹಕರ ರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂತು. ದುಡ್ಡು ಪೂರ್ತಿ ಕೊಟ್ಟಿರಲಿ, ಅರ್ಧ ಕೊಟ್ಟು ಅರ್ಧ ಕೊಡುವ ಮಾತಾಗಿರಲಿ, ಸೇವೆ ಪಡೆಯುವ ನೀವು ಗ್ರಾಹಕರೇ. ಮೊದಲಿದ್ದ 1986ರ ಕಾಯ್ದೆಯಲ್ಲಿ ಎದುರು ಪಾರ್ಟಿ ಇರುವ ಊರು, ಇಲ್ಲವೇ ವ್ಯವಹಾರ ನಡೆದ ಊರು ನೋಡಬೇಕಿತ್ತು. ಈಗ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನಮಗೆ ತುಮಕೂರು ಜಿಲ್ಲಾ ಗ್ರಾಹಕರ ಆಯೋಗ. ಮಗಳ ಮದುವೆಗೆ ಬೆಂಗಳೂರಿನಿಂದ ಫೋಟೊದವರನ್ನು ಕರೆಸಿದ್ದರೂ ಅಷ್ಟೇ. ನೀವು ಕೊಟ್ಟ ಮೊತ್ತ 5 ಲಕ್ಷ ರೂಪಾಯಿ ಒಳಗಿದ್ದರೆ ಶುಲ್ಕವೇ ಇಲ್ಲ. ವಕೀಲರು ಬೇಕೇ ಬೇಕು ಅಂತಿಲ್ಲ, ನಿಮ್ಮ ಮಾತು ನೀವೇ ಹೇಳಬಹುದು. ಕಂಪ್ಯೂಟರ್ ಬಲ್ಲ ಮಗನೋ ಮಗಳೋ ಇದ್ದರೆ ಇ-ಜಾಗೃತಿ ತಾಣದಲ್ಲಿ ಮನೆಯಿಂದಲೇ ದೂರು ಹಾಕಬಹುದು. ವಿಡಿಯೊ ಮೂಲಕ ವಿಚಾರಣೆಗೆ ಹಾಜರಾಗಲು ಅವಕಾಶ ಕೇಳಬಹುದು. ಹೇಗೆ ಬರೆಯಬೇಕೆಂದು ಗೊತ್ತಾಗದಿದ್ದರೆ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಎರಡು ವರ್ಷದೊಳಗೆ ಹೋಗಬೇಕು, ಇದೊಂದು ನೆನಪಿರಲಿ. 'ಹೋಗ್ಲಿ ಬಿಡು, ಇವತ್ತು ಕೊಡ್ತಾರೆ ನಾಳೆ ಕೊಡ್ತಾರೆ' ಅಂತ ಕಾಯುವವರು ಎಡವುವುದು ಇಲ್ಲೇ.

ಕೈಲಿ ದಾಖಲೆ ಏನಿದೆ ಅನ್ನುತ್ತೀರಾ? ಯುಪಿಐನಲ್ಲಿ ದುಡ್ಡು ಕಳಿಸಿದ ವಿವರ, ವಾಟ್ಸಾಪ್ ಮಾತು, ಬಿಳಿ ಹಾಳೆಯಲ್ಲಿ ಬರೆದುಕೊಟ್ಟ ಎಸ್ಟಿಮೇಟ್ ಎಲ್ಲವೂ ದಾಖಲೆಯೇ. ಹಳೆ ಚಾಟ್ ಅಳಿಸಬೇಡಿ. ಕೈಯಲ್ಲಿ ನೋಟು ಕೊಟ್ಟರೆ ಅವತ್ತೇ ರಾತ್ರಿ 'ಇವತ್ತು 10,000 ಕೊಟ್ಟಿದ್ದೇನೆ' ಎಂದು ಒಂದು ಮೆಸೇಜ್ ಹಾಕಿಬಿಡಿ.

ಮಾತಿಗೆ ಬಂತು, ಇನ್ನೊಂದು ಸಂಗತಿ ಹೇಳಲೇಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ದುಡ್ಡು ಕೊಟ್ಟು ತೆಗೆಸಿದ ಫೋಟೊ, ವಿಡಿಯೊಗಳ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದ್ದೇ. ಅಂದರೆ ನಿಮ್ಮ ಮಗಳ ಮದುವೆ ಫೋಟೊ ನಿಮ್ಮದು. ಅದನ್ನು ಬೇರೆ ಕಡೆ ಪ್ರಿಂಟ್ ಹಾಕಿಸಬಹುದು. ಆದರೆ ಚಟ್ನಿಪುಡಿಯ ಲೇಬಲ್ ಡಿಸೈನ್ ಹಾಗಲ್ಲ! ಬಿಡಿಯಾಗಿ ದುಡಿಯುವವರು ಮಾಡಿಕೊಟ್ಟ ಡಿಸೈನಿನ ಹಕ್ಕು ಸಾಮಾನ್ಯವಾಗಿ ಅವರಲ್ಲೇ ಉಳಿಯುತ್ತದೆ, ನಿಮಗೆ ಬರಬೇಕಾದರೆ ಬರವಣಿಗೆಯಲ್ಲಿ ಬರೆದು ಸಹಿ ಹಾಕಿ ಕೊಡಬೇಕು. ಹಿಂದಿನ ಡಿಸೈನರ್ ಫೋನ್ ಎತ್ತುತ್ತಿಲ್ಲ, ಹೊಸಬರಿಗೆ ಅದನ್ನೇ ತಿದ್ದಿಸೋಣ ಅಂದರೆ ಎರಡು ಕಡೆ ತೊಡಕು: ಹಕ್ಕು ನಿಮ್ಮದಲ್ಲ, ಮೂಲ ಫೈಲೂ ನಿಮ್ಮಲ್ಲಿಲ್ಲ. ಪ್ರಿಂಟಿಂಗ್ ಪ್ರೆಸ್ಸಿನವರು ನಿಮ್ಮ ಮೊಬೈಲಿನ ಚಿತ್ರ ನೋಡಿ 'ಇದು ಬರಲ್ಲ ಮೇಡಂ, ಕೋರಲ್‌ಡ್ರಾ ಫೈಲ್ ತನ್ನಿ' ಅನ್ನುತ್ತಾರೆ. ದೀಪಾವಳಿಗೆ ನೂರು ಡಬ್ಬಿ ಆರ್ಡರ್ ಹಿಡಿದು ಕೂತವರ ಗತಿ ಏನಾಗಬೇಕು? ಆದ್ದರಿಂದ ಕೊನೆಯ ಕಂತು ಕೊಡುವಾಗ ಮೂಲ ಫೈಲು, 'ಈ ಡಿಸೈನ್ ಪೂರ್ತಿ ಹಕ್ಕು ಇಂಥವರಿಗೆ ಕೊಟ್ಟಿದ್ದೇನೆ' ಎಂಬ ಸಹಿ ಮಾಡಿದ ಎರಡು ಸಾಲು, ಎರಡನ್ನೂ ಪಡೆದುಕೊಳ್ಳಿ.

ಮದುವೆ ಫೋಟೊಗಾದರೆ ಇನ್ನೂ ಸುಲಭದ ಉಪಾಯ. ಮದುವೆ ಮುಗಿದ ವಾರದೊಳಗೆ ಎಲ್ಲ ಫೋಟೊ, ವಿಡಿಯೊ ಇದ್ದ ಹಾಗೇ ನಮ್ಮ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿಕೊಡಬೇಕು ಎಂದು ಮಾತಾಡುವಾಗಲೇ ಒಪ್ಪಿಸಿ. ಆಲ್ಬಂ ಆರು ತಿಂಗಳು ತಡವಾಗಲಿ ಬಿಡಿ, ಅಜ್ಜಿಯ ನಗು ನಿಮ್ಮ ಬೀರುವಿನಲ್ಲಿರುತ್ತದೆ. ದುಡ್ಡೂ ಅಷ್ಟೇ, ಪೂರ್ತಿ ಮೊದಲೇ ಸುರಿಯಬೇಡಿ. ಬುಕ್ ಮಾಡುವಾಗ ಸ್ವಲ್ಪ, ಮದುವೆ ದಿನ ಸ್ವಲ್ಪ, ಫೋಟೊ ಕೈಗೆ ಬಂದಾಗ ಸ್ವಲ್ಪ, ಆಲ್ಬಂ ಬಂದಾಗ ಉಳಿದದ್ದು. ಕೊನೆಯ ಕಂತು ಅವರಿಗೂ ಬೇಕು ಅನಿಸುವಷ್ಟು ದೊಡ್ಡದಿರಲಿ. ಆದರೆ ಕೆಲಸ ಮುಗಿದ ಮೇಲೆ ಆ ಕಂತನ್ನು ಎಳೆದಾಡಬೇಡಿ. 1872ರ ಕರಾರು ಕಾಯ್ದೆಯಲ್ಲೇ ದರ್ಜಿಯ ಉದಾಹರಣೆ ಇದೆ ಎಂದರೆ ನಂಬುತ್ತೀರಾ? ನಿಮ್ಮ ಬಟ್ಟೆಯ ಮೇಲೆ ಕೈಚಳಕ ತೋರಿ ಕೆಲಸ ಮಾಡಿದವರು ಕೂಲಿ ಸಿಗುವ ತನಕ ಅದನ್ನು ತಮ್ಮಲ್ಲೇ ಇಟ್ಟುಕೊಳ್ಳಬಹುದು, ಸಾಲಕ್ಕೆ ಒಪ್ಪಿದ್ದರೆ ಮಾತ್ರ ಆಗದು. ದುಡ್ಡು ಕೊಡದೆ 'ಬ್ಲೌಸ್ ಕೊಡಲ್ಲ ಅಂತಾನೆ' ಎಂದು ರೇಗಿದರೆ ನ್ಯಾಯ ಟೈಲರ್ ಕಡೆಗೇ.

ಮರ ಹತ್ತುವವರ ಮಾತೇ ಬೇರೆ

ಮೇಲೆ ಹೇಳಿದ್ದೆಲ್ಲ ಅಡ್ವಾನ್ಸ್ ತೆಗೆದುಕೊಂಡವರ ಮಾತು. ತೆಂಗಿನ ಕಾಯಿ ಕೀಳುವವರು ನಿಮ್ಮಿಂದ ಏನೂ ತೆಗೆದುಕೊಂಡಿಲ್ಲ. ಅವರಿಗೆ ತಾರೀಖು ಹಾಕಿ ಮೆಸೇಜ್ ಕಳಿಸಿದರೆ ನಕ್ಕು ಸುಮ್ಮನಾಗುತ್ತಾರೆ. ಆದರೆ ತೊಂದರೆ ಸಣ್ಣದಲ್ಲ. ಪೇಟೆಯ ಸೈಟಿನಲ್ಲಿ ಮನೆ, ಪಕ್ಕದಲ್ಲೇ ಮರ, ಕೆಳಗೆ ಶೀಟಿನ ಮಾಡು, ಅಂಗಳದಲ್ಲಿ ಆಡುವ ಮಕ್ಕಳು. ಒಣಗಿದ ಕಾಯಿ ಯಾವಾಗ ಬೀಳುತ್ತದೋ ಎಂದು ಜೀವ ಕೈಲಿ ಹಿಡಿದುಕೊಂಡು ಬಟ್ಟೆ ಒಣಗಿಸುವವರು ನಮ್ಮಲ್ಲಿ ಎಷ್ಟು ಜನ! ಮೂರು ವಾರದಿಂದ ಫೋನ್ ಮಾಡಿದರೂ ಎತ್ತುತ್ತಿಲ್ಲ ಅನ್ನುತ್ತೀರಿ.

ಎತ್ತುವುದು ಹೇಗೆ ಹೇಳಿ? ಬಿಸಿಲೇರುವ ಮುಂಚೆ ಅವರು ಮರದ ಮೇಲಿರುತ್ತಾರೆ, ಫೋನ್ ಬುಡದಲ್ಲಿ ಬಿಚ್ಚಿಟ್ಟ ಅಂಗಿಯ ಜೇಬಿನಲ್ಲಿರುತ್ತದೆ. ನೀವು ತಿಂಡಿ ಕೆಲಸ ಮುಗಿಸಿ ಹತ್ತು ಗಂಟೆಗೆ ಫೋನ್ ಮಾಡುತ್ತೀರಿ. ಮಳೆ ಬಿದ್ದು ಮರ ಜಾರುವಾಗ ಹತ್ತುವುದಿಲ್ಲ, ಹತ್ತಿ ಎಂದು ಒತ್ತಾಯಿಸಲೂಬಾರದು. ಧಾರಣೆ ಏರಿದರೆ ತೋಟದವರೆಲ್ಲ ಒಟ್ಟಿಗೇ ಕರೆಯುತ್ತಾರೆ. 2025ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ ಇತ್ತು. ಆ ವರ್ಷದ ಮಧ್ಯಭಾಗಕ್ಕೆ ತಿಪಟೂರು ಮಾರುಕಟ್ಟೆಯ ಧಾರಣೆ ಅದರ ದುಪ್ಪಟ್ಟನ್ನೂ ದಾಟಿತ್ತು. ಇನ್ನೂರು ಮರದ ತೋಟ ಬಿಟ್ಟು ನಿಮ್ಮ ಮೂರು ಮರಕ್ಕೆ ಬೈಕ್ ಹಾಕಿಕೊಂಡು ಬಂದರೆ ಅವರಿಗೆ ಪೆಟ್ರೋಲ್ ದುಡ್ಡೂ ಗಿಟ್ಟುವುದಿಲ್ಲ. ಇದನ್ನು ಬಾಯಿಬಿಟ್ಟು ಹೇಳಲಾಗದೆ ಸುಮ್ಮನಿರುತ್ತಾರೆ.

ಇದಕ್ಕೆ ನಾವೇ ದಾರಿ ಮಾಡಬೇಕು. ನಿಮ್ಮ ಬೀದಿಯ ನಾಲ್ಕೈದು ಮನೆಯವರು ಸೇರಿ. ಒಟ್ಟು ಹದಿನೈದು, ಇಪ್ಪತ್ತು ಮರ ಆಗುತ್ತದೆ, ಒಂದು ಬೆಳಗ್ಗೆಯ ಪೂರ್ತಿ ಕೆಲಸ. 'ಅಣ್ಣ, ನಮ್ಮ ಬೀದಿಯಲ್ಲಿ ಇಪ್ಪತ್ತು ಮರ ಇದೆ, ಎರಡು ತಿಂಗಳಿಗೊಮ್ಮೆ ಬನ್ನಿ' ಎಂದರೆ ಅವರಿಗೂ ಖಾತ್ರಿ, ನಿಮಗೂ ನೆಮ್ಮದಿ. ಒಬ್ಬರೇ ಫೋನ್ ಮಾಡಿ, ಐವರೂ ಮಾಡಬೇಡಿ. ಕಾಯಿ ಜೊತೆ ಒಣಗಿದ ಗರಿಯನ್ನೂ ಇಳಿಸಬೇಕು ಅಂದರೆ ಮೊದಲೇ ಹೇಳಿ, ಅದಕ್ಕೆ ಬೇರೆ ಕೂಲಿ ಮಾತಾಡಿ. ಹಳಬರು ಸಿಗದಿದ್ದರೆ ಹೊಸಬರನ್ನು ಹುಡುಕಲೂ ದಾರಿ ಇದೆ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ 'ಫ್ರೆಂಡ್ಸ್ ಆಫ್ ಕೋಕೊನಟ್ ಟ್ರೀ' ಹೆಸರಲ್ಲಿ ಯಂತ್ರ ಕಟ್ಟಿಕೊಂಡು ಮರ ಹತ್ತುವ ತರಬೇತಿ ಶುರು ಮಾಡಿತು. ತರಬೇತಿ ಪಡೆದವರು ಹತ್ತಿರದಲ್ಲಿ ಯಾರಿದ್ದಾರೆ ಎಂದು ತಿಪಟೂರಿನ ಪಕ್ಕದ ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದಲ್ಲೋ ತೋಟಗಾರಿಕೆ ಇಲಾಖೆಯಲ್ಲೋ ವಿಚಾರಿಸಿ. ಮರ ಹತ್ತುವವರಿಗೆ ಮಂಡಳಿಯದೇ ಕೇರ ಸುರಕ್ಷಾ ಎಂಬ ಅಪಘಾತ ವಿಮೆಯೂ ಇದೆ. ನಿಮ್ಮ ಮನೆಗೆ ಬರುವವರು ಮಾಡಿಸಿದ್ದಾರಾ ಎಂದು ಕಾಫಿ ಕೊಡುವಾಗ ಒಮ್ಮೆ ಕೇಳಿ. ಗೊತ್ತಿಲ್ಲದವರೇ ಹೆಚ್ಚು.

ಕೂಲಿ ಅವತ್ತೇ ಕೊಟ್ಟುಬಿಡಿ, 'ಸಂಜೆ ಯಜಮಾನ್ರು ಬಂದ್ಮೇಲೆ' ಅನ್ನಬೇಡಿ. ಮುಂದಿನ ಸಲಕ್ಕೆ ಕರೆಯುವಾಗ ಹಗಲು ಬೇಡ, ರಾತ್ರಿ ಏಳರ ಮೇಲೆ, ಅವರು ಸ್ನಾನ ಮಾಡಿ ಕೂತ ಹೊತ್ತಿಗೆ ಫೋನ್ ಮಾಡಿ.